ತಗಡಿನ ಗೋಡೆ ನೋಡುತ್ತ ಘಾಟ್ ಇಳಿದದ್ದು

ನಂಬುವವರು ಇಲ್ಲಿಗೇ ನಿಲ್ಲಿಸಿ ಬೇರೆ ಏನಾದರೂ ಓದಿಕೊಳ್ಳಿ. ನಂಬುವವರ ಮುಂದೆ ಮಾತಾಡುವುದರಲ್ಲಿ ನನಗೆ ಮಜಾ ಇಲ್ಲ. ಈ ಯಲ್ಲಪ್ಪ ಬಿಡುವುದೆಲ್ಲ ಬರೀ ಗಾಳಿ ಎಂದು ಮೂಗು ಮುರಿಯುವವರಿದ್ದೀರಲ್ಲ, ನೀವು ಹತ್ತಿರ ಬಂದು ಕೂಡ್ರಿ. ನೆಲದಿಂದ ನಾಲ್ಕು ಬೆರಳು ಎತ್ತರದ ರೇಸ್ ಕಾರಿನಲ್ಲಿ ಕೂತು, ಸ್ಟಿಯರಿಂಗ್ ಹಿಡಿದು, ಬ್ರೇಕಿನ ಮೇಲೆ ಕಾಲೊತ್ತಿ, ಗೋವಾಕ್ಕೆ ಇಳಿಯುವ ಅನಮೋಡ ಘಾಟನ್ನು ತುದಿಯಿಂದ ಬುಡದವರೆಗೆ ಇಳಿದವನು ನಾನು. ಇಳಿಯುವಾಗ ನನಗೆ ರಸ್ತೆ ಕಾಣಲಿಲ್ಲ, ಕಾಡು ಕಾಣಲಿಲ್ಲ, ಎದುರಿಗೆ ಬರುವ ಲಾರಿಯೂ ಕಾಣಲಿಲ್ಲ. ಕಂಡದ್ದು ಒಂದು ತಗಡಿನ ಗೋಡೆ. ಎಂಜಿನ್ ಚಾಲೂ ಇರಲಿಲ್ಲ. ಕಾರಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಸುಳ್ಳು ಅನ್ನುವ ಧೈರ್ಯವಿದ್ದರೆ ಪೂರ್ತಿ ಓದಿ ಆಮೇಲೆ ಅನ್ನಿ.

ಗಬ್ಬೂರ ಬೈಪಾಸಿನ ಪಕ್ಕದಲ್ಲಿ ಒಂದು ಸಾಗಾಟದ ಕಂಪನಿಯ ಅಂಗಳವಿತ್ತು. ಅಲ್ಲಿ ಕಾರುಗಳನ್ನು ಟ್ರೇಲರಿಗೆ ಹತ್ತಿಸಿ ಅಲುಗಾಡದಂತೆ ಕಟ್ಟುವುದು ನನ್ನ ಕೆಲಸ. ಓಡಿಸುವವನು ಬೇರೆ, ಕಟ್ಟುವವನು ಬೇರೆ. ಓಡಿಸುವವನಿಗೆ ಊರೂರು ನೋಡುವ ಭಾಗ್ಯ, ಕಟ್ಟುವವನಿಗೆ ಮೊಣಕಾಲ ತುಂಬ ಗ್ರೀಸು. ಈಗ ಹೊಸದಾಗಿ ಸೇರುವವರು ಕೇಳುತ್ತಾರೆ, ಕಟ್ಟುವುದರಲ್ಲಿ ಕಲಿಯುವುದೇನಿದೆ ಕಾಕಾ, ಎಮ್ಮೆ ಕಟ್ಟಿದ ಹಾಗಲ್ಲವೇ ಎಂದು. ಎಮ್ಮೆ ಒಳ್ಳೆಯದು ತಮ್ಮಾ. ಅದಕ್ಕೆ ನಿಲ್ಲುವ ಮನಸ್ಸಿದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಮುಂಚೆಯೇ ಕೊಂಬು ಆಡಿಸಿ ತಿಳಿಸುತ್ತದೆ. ಕಾರು ನಿಂತ ಹಾಗೆ ನಟಿಸುತ್ತದೆ.

ನಾನು ಸೇರಿದಾಗ ಹಗ್ಗದ ಕಾಲ. ಹಗ್ಗ ಹೋಗಿ ಸರಪಳಿ ಬಂತು, ಸರಪಳಿ ಬಣ್ಣ ಕೀಳುತ್ತದೆಂದು ಅಗಲವಾದ ಬೆಲ್ಟು ಬಂತು. ಬೆಲ್ಟಿಗೆ ಒಂದು ಹಿಡಿಕೆ, ಕಟಕಟ ಎಂದು ಎಳೆದರೆ ಬಿಗಿಯಾಗುತ್ತದೆ. ಮೊದಲು ಆ ಬೆಲ್ಟನ್ನು ಕಾರಿನ ಹೊಟ್ಟೆಯ ಕೆಳಗಿನ ಕಬ್ಬಿಣಕ್ಕೆ ಕೊಕ್ಕೆ ಹಾಕಿ ಕಟ್ಟುತ್ತಿದ್ದೆವು. ರಸ್ತೆಯಲ್ಲಿ ಕಾರು ಸ್ಪ್ರಿಂಗಿನ ಮೇಲೆ ಕುಣಿದಾಗಲೆಲ್ಲ ಬೆಲ್ಟು ಬಿಗಿಯುವುದು, ಸಡಿಲುವುದು, ಬಿಗಿಯುವುದು. ಹೀಗೆ ಒಂದು ಕಾರು ಬೆಳಗಾವಿ ಮುಟ್ಟುವಷ್ಟರಲ್ಲಿ ತಾನೇ ಬಿಚ್ಚಿಕೊಂಡು ಪಕ್ಕದ ಕಾರಿನ ಕೆನ್ನೆಗೆ ಮುತ್ತಿಟ್ಟಿತ್ತು. ಅಂದಿನಿಂದ ಬೆಲ್ಟನ್ನು ಗಾಲಿಯ ಮೇಲೆ ಹಾಯಿಸಿ, ಮುಂದೊಂದು ಹಿಂದೊಂದು ಟ್ರೇಲರಿನ ನೆಲದ ಕಬ್ಬಿಣದ ಬಳೆಗೆ ಸಿಕ್ಕಿಸಿ ಕಟ್ಟುವ ಪದ್ಧತಿ ಬಂತು. ಮೈ ಬೇಕಾದಷ್ಟು ಕುಣಿಯಲಿ, ಕಾಲು ಕಟ್ಟಿದರಾಯಿತು. ನೆಲಕ್ಕೆ ಹತ್ತಿಕೊಂಡೇ ಇರುವ ಸ್ಪೋರ್ಟ್ಸ್ ಕಾರಿಗಂತೂ ಬೇರೆ ದಾರಿಯೇ ಇಲ್ಲ, ಅದರ ಹೊಟ್ಟೆಯ ಕೆಳಗೆ ಕೈ ಹೋಗುವುದಿಲ್ಲ.

ಇಂಥ ಕಾರು ಮೊದಲ ಸಲ ನಮ್ಮ ಅಂಗಳಕ್ಕೆ ಬಂದಾಗ ಅದನ್ನು ನೋಡಿ ನಾನು, ಯಾರೋ ಇದರ ಮೇಲೆ ಕೂತು ಚಪ್ಪಟೆ ಮಾಡಿದ್ದಾರೆ ಎಂದಿದ್ದೆ. ಎಲ್ಲ ಕಾರುಗಳಿಗೆ ಹಾಕುವ ಹಲಗೆಯನ್ನೇ ಇದಕ್ಕೂ ಹಾಕಿ ಹತ್ತಿಸಿದೆವು. ಹಲಗೆ ಮತ್ತು ಟ್ರೇಲರ್ ಕೂಡುವಲ್ಲಿ ಅದರ ಹೊಟ್ಟೆ ಕೂತಿತು ನೋಡಿ, ಮುಂದಿನ ಗಾಲಿಯೂ ಗಾಳಿಯಲ್ಲಿ, ಹಿಂದಿನ ಗಾಲಿಯೂ ಗಾಳಿಯಲ್ಲಿ. ಬೆರಳಿನಿಂದ ತಳ್ಳಿದರೆ ತೂಗುಮಂಚದ ಹಾಗೆ ಆಡುತ್ತಿತ್ತು. ನಾನು ತಳ್ಳಿಯೂ ನೋಡಿದೆ. ಇಂಥ ಕಾರಿಗೆ ಹಲಗೆ ಉದ್ದ ಬೇಕು, ಏರು ಸಾವಕಾಶ ಬೇಕು ಎಂಬುದು ಆಗ ತಿಳಿಯಿತು.

ನಮ್ಮ ಮ್ಯಾನೇಜರ್ ದೇಶಪಾಂಡೆ ಸಾಹೇಬರು ಧಾರವಾಡದವರು, ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. ಮುಚ್ಚಿದ ಹೊಸ ಟ್ರೇಲರ್ ಬಂದಾಗ, ನಾಲ್ಕೂ ಕಡೆ ತಗಡು, ಒಂದೇ ಕಾರು ಹಿಡಿಯುವ ಡಬ್ಬಿಯಂಥದ್ದು, ಅದಕ್ಕೆ ಮೊದಲ ಕಾರನ್ನು ತಾವೇ ಹತ್ತಿಸುತ್ತೇನೆಂದು ಹಟ ಹಿಡಿದರು. ನಮ್ಮ ಕೈಯಲ್ಲಿ ಕೊಟ್ಟರೆ ಗೆರೆ ಬೀಳುತ್ತದಂತೆ. ಒಳಗೇನೋ ಚೆಂದಾಗಿಯೇ ಒಯ್ದು ನಿಲ್ಲಿಸಿದರು. ಆಮೇಲೆ ಬಾಗಿಲು ತೆಗೆಯಲು ನೋಡುತ್ತಾರೆ, ಎಡಕ್ಕೂ ತಗಡು, ಬಲಕ್ಕೂ ತಗಡು. ಒಂದು ಗೇಣು ತೆರೆದು ಬಾಗಿಲು ನಿಂತಿತು. ಸಾಹೇಬರ ಹೊಟ್ಟೆ ಗೇಣಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಹಿಂದಕ್ಕೆ ಇಳಿಸಿಬಿಡಬಹುದಿತ್ತು. ಆದರೆ ಇಂಥ ಅವಕಾಶ ದಿನಾ ಬರುತ್ತದೆಯೇ? ನಾನು ಕಿಟಕಿಯಲ್ಲಿ ತಲೆ ಹಾಕಿ, ಹಿಂದೆ ಹಲಗೆ ಮುರಿದಿದೆ ಸಾಹೇಬರೇ, ಬಡಗಿಯನ್ನು ಕರೆಸುತ್ತೇವೆ, ಅಲ್ಲಿಯವರೆಗೆ ಆರಾಮಾಗಿ ಕೂಡ್ರಿ ಎಂದೆ. ಚಹಾ ಕೊಟ್ಟೆ. ಮಿರ್ಚಿಭಜಿ ಕೊಟ್ಟೆ. ಸಹಿ ಆಗಬೇಕಾದ ಕಾಗದಗಳನ್ನೂ ತಂದುಕೊಟ್ಟೆ, ಅವರು ಸ್ಟಿಯರಿಂಗಿನ ಮೇಲಿಟ್ಟು ಸಹಿ ಮಾಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಅವರಿಗೆ ಸಂಶಯ ಬಂತು.

"ಯಲ್ಲಪ್ಪನವರ, ಬಡಗ್ಯಾ ಎಲ್ಲೆ ಹೋಗ್ಯಾನ?"

"ಬಂದಾನ್ರಿ ಸಾಹೇಬ್ರ. ಊಟಕ್ಕ ಕುಂತಾನ."

"ಅವನ ಊಟ ಆಗೋತನಕಾ ನೀವು ಸ್ವಲ್ಪ ಹಿಂದ ಹೋಗಿ, ಆ ಮುರದ ಹಲಗಿ ಮ್ಯಾಲೆ ನಿಂತು ತೋರಸ್ರಿ ನೋಡೋಣು."

ಕನ್ನಡಿಯಲ್ಲಿ ಅವರಿಗೆ ಹಲಗೆ ಕಾಣುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಆ ತಿಂಗಳಿಡೀ ಅಂಗಳ ಗುಡಿಸಿದೆ. ಆದರೆ ಅಂದಿನಿಂದ ಮೂರು ನಿಯಮ ಬಂದವು, ಇವತ್ತಿಗೂ ನಡೆಯುತ್ತಿವೆ. ಮುಚ್ಚಿದ ಟ್ರೇಲರಿಗೆ ಯಾರೂ ಕಾರು ಓಡಿಸಿಕೊಂಡು ಹೋಗಬಾರದು. ಟ್ರೇಲರಿನ ಮುಂಗೋಡೆಯ ರಾಟೆಯ ಹಗ್ಗದಿಂದ ಖಾಲಿ ಕಾರನ್ನೇ ಮೆಲ್ಲಗೆ ಎಳೆದುಕೊಳ್ಳಬೇಕು. ಕಿಟಕಿಯ ಗಾಜು ಕೆಳಗಿಳಿಸಿಯೇ ಇಡಬೇಕು. ಈ ಮೂರಕ್ಕೂ ನನ್ನ ಹೆಸರು ಇಡಬೇಕಿತ್ತು, ಇಡಲಿಲ್ಲ.

ನನ್ನ ಜೋಡಿ ಡ್ರೈವರ್ ಹುಸೇನಸಾಬ. ಅವನಷ್ಟು ಒಳ್ಳೆಯ ಡ್ರೈವರ್ ಇಲ್ಲ, ಅವನಷ್ಟು ಸುಲಭವಾಗಿ ಸಿಗುವ ಬಕರಾನೂ ಇಲ್ಲ. ನಾನು ಹಿಂದಿನ ಗಾಡಿಯಲ್ಲಿ ಬರುವಾಗ ಅವನಿಗೆ ಫೋನ್ ಹಚ್ಚಿ, ಹುಸೇನಾ, ನಿನ್ನ ಟ್ರೇಲರಿನ ಬಾಗಿಲು ತೆರೆದಿದೆ, ಕಾರು ಇಳಿದು ನಿನ್ನ ಹಿಂದೆ ತಾನೇ ಬರುತ್ತಿದೆ ಎನ್ನುತ್ತಿದ್ದೆ. ಅವನು ಗಾಡಿ ನಿಲ್ಲಿಸಿ ಚಪ್ಪಲಿ ಬಿಟ್ಟು ಓಡಿ ಬರುತ್ತಿದ್ದ. ಬಾಗಿಲು ಭದ್ರವಾಗಿರುತ್ತಿತ್ತು. ಒಮ್ಮೆ ಮಾಡಿದೆ, ಓಡಿ ಬಂದ. ಮತ್ತೊಮ್ಮೆ ಮಾಡಿದೆ, ಆಗಲೂ ಬಂದ. ಮೂರನೆಯ ಸಲ ಅಲ್ಲಿಂದಲೇ, ಆ ಕಾರಿಗೆ ನನ್ನ ಸಲಾಂ ಹೇಳು ಎಂದು ಫೋನ್ ಇಟ್ಟ. ಆ ಮೇಲೆ ನಾನು ಫೋನಿನಲ್ಲಿ ಗಂಟೆ ಎಷ್ಟು ಎಂದು ಹೇಳಿದರೂ ಅವನು ಬೇರೆ ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ.

ಈಗ ಶೋಭಕ್ಕನ ಕಾರಿಗೆ ಬರುತ್ತೇನೆ. ನನ್ನ ನಿವೃತ್ತಿಗೆ ಮುಂಚಿನ ಕೊನೆಯ ದಸರೆ ಅದು.

ಶೋಭಕ್ಕನ ಮನೆ ಗೋಪನಕೊಪ್ಪದಲ್ಲಿ. ವಯಸ್ಸಿನಲ್ಲಿ ನನ್ನ ಮಗಳಂಥವಳು, ಎಲ್ಲರೂ ಅಕ್ಕ ಅನ್ನುತ್ತಾರೆಂದು ನಾನೂ ಅನ್ನುತ್ತಿದ್ದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದಳು. ಯಾರೋ ಗುದ್ದಿ ಬಿಟ್ಟುಹೋದ ಒಂದು ತಗ್ಗು ಸ್ಪೋರ್ಟ್ಸ್ ಕಾರನ್ನು ಗುಜರಿಯ ಬಾಯಿಂದ ಎಳೆದು ತಂದು, ಗಿರಾಕಿಗಳ ಕೆಲಸ ಮುಗಿದ ಮೇಲೆ ದಿನಾ ಅದರ ಮುಂದೆ ಕೂತು, ವರ್ಷಗಟ್ಟಲೆ ತಿದ್ದಿ ತೀಡಿ ಎಬ್ಬಿಸಿದ್ದಳು. ಅದರ ಮೂತಿ ಪೂರ್ತಿ ಒಡೆದಿತ್ತು. ಹೊಸದು ಎಲ್ಲೂ ಸಿಗದೆ, ಫೈಬರಿನಲ್ಲಿ ತಾನೇ ಎರಕ ಹೊಯ್ದು, ಮರಳು ಕಾಗದದಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ್ದಳು. ನಾನು ಮೊದಲ ಸಲ ಅದರ ಮೇಲೆ ಅಂಗೈ ಇಟ್ಟಾಗ ಎಮ್ಮೆಕರುವಿನ ಹಣೆ ಮುಟ್ಟಿದ ಹಾಗಾಯಿತು. ಇದು ಒಡೆದರೆ ಇನ್ನೊಂದು ಉಂಟೇ ಎಂದು ಕೇಳಿದೆ. ಇಲ್ಲ ಕಾಕಾ, ಇದೊಂದೇ ಎಂದಳು.

ಗೋವಾದಲ್ಲಿ ಇಂಥ ಕಾರುಗಳ ಓಟವೊಂದಿತ್ತು, ಅದೂ ಬನ್ನಿ ಹಬ್ಬದ, ಅಂದರೆ ವಿಜಯದಶಮಿಯ ದಿನವೇ. ಶೋಭಕ್ಕ ಅದಕ್ಕೆ ಹೆಸರು ಕೊಟ್ಟಿದ್ದಳು. ಅವಳ ತಾಯಿ ಗಂಗವ್ವನಿಗೆ ಈ ಕಾರೆಂದರೆ ಆಗುತ್ತಿರಲಿಲ್ಲ. ಕೂಡ್ರಲು ಎರಡೇ ಸೀಟು, ಸಂತೆಯ ಒಂದು ಚೀಲ ಹಿಡಿಸುವುದಿಲ್ಲ, ಗೋಪನಕೊಪ್ಪದ ರಸ್ತೆಯ ಒಂದು ಹಂಪು ದಾಟುವುದಿಲ್ಲ, ಇದೆಂಥ ಗಾಡಿ ಎಂದು ಬರುವವರ ಮುಂದೆಲ್ಲ ಹೇಳುತ್ತಿದ್ದಳು. ಕೊನೆಗೆ ತಾಯಿ ಮಗಳ ನಡುವೆ ಒಂದು ಮಾತಾಯಿತು. ಅದು ಆಗುವಾಗ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ, ಹಾಗಾಗಿ ನಾನೇ ಸಾಕ್ಷಿ.

"ಓಟ ಮುಗಿಸಿ ಬಂದೆಂದ್ರ ಗಾಡಿ ಇಟ್ಕೋ, ನಾ ಇನ್ನ ಬಾಯಿ ತಗಿಯಂಗಿಲ್ಲ," ಎಂದಳು ಗಂಗವ್ವ. "ನಡಕ ಕೆಟ್ಟು ನಿಂತ್ರ, ಇಲ್ಲಾ ಓಡಾಕ ಆಗಲಿಲ್ಲಂದ್ರ, ಬಂದ ಮರುದಿನಾನ ಮಾರಿಬಿಡಬೇಕು. ಒಪ್ಪೇನ?"

"ಒಪ್ಪಿದೆ," ಎಂದಳು ಶೋಭಕ್ಕ. ತಿರುಗಿ ನನ್ನ ಕಡೆ ನೋಡಿ, "ಕಾಕಾ, ಅಲ್ಲಿಗಿ ಹೆಂಗೈತಿ ಹಂಗ ಮುಟ್ಟಿಸೋದು ನಿಮ್ಮ ಜಿಮ್ಮಾ," ಎಂದಳು.

ನಾನು ಚಹಾದ ಬಸಿ ಕೆಳಗಿಟ್ಟೆ. ಮೀಸೆ ಒರೆಸಿಕೊಂಡು, ನಾನು ಕಟ್ಟಿದ ಕಾರು ಭೂಕಂಪಕ್ಕೂ ಅಲುಗುವುದಿಲ್ಲ ಎಂದೆ. ಹಾಗೆ ಹೇಳುವುದು ನನಗೆ ಉಸಿರಾಡಿದಷ್ಟು ಸಲೀಸು.

ಬನ್ನಿಯ ಹಿಂದಿನ ದಿನ, ಆಯುಧಗಳಿಗೂ ಗಾಡಿಗಳಿಗೂ ಪೂಜೆ ಮಾಡುವ ಖಂಡೆ ಪೂಜೆಯ ದಿನ ಬೆಳಿಗ್ಗೆ ಹೊರಡುವುದೆಂದಾಯಿತು. ಟ್ರೇಲರ್ ಅವರ ಗಲ್ಲಿಯೊಳಗೆ ಹೋಗಲಿಲ್ಲ, ದೊಡ್ಡ ರಸ್ತೆಯಲ್ಲಿ ನಿಲ್ಲಿಸಿದೆವು. ಕಾರನ್ನು ಅಲ್ಲಿಯವರೆಗೆ ನೂಕಿ ತಂದೆವು, ಒಂದೊಂದು ಹಂಪಿಗೂ ಹಲಗೆ ಹಾಸಿ. ಶೋಭಕ್ಕ ಬ್ಯಾಟರಿ ತೆಗೆದು ಬೇರೆ ಇಟ್ಟಿದ್ದಳು. ಹ್ಯಾಂಡ್‌ಬ್ರೇಕಿನ ತಂತಿ ಅಳತೆ ತಪ್ಪಿ ಬಂದಿತ್ತು, ಸರಿಯಾದದ್ದು ಗೋವಾದಲ್ಲೇ ಸಿಗುವುದಿತ್ತು. ಗೇರ್‌ಬಾಕ್ಸು ಹೊಸದಾಗಿ ಕೂಡಿಸಿದ್ದರಿಂದ ಗೇರಿನಲ್ಲಿ ಹಾಕಿ ನಿಲ್ಲಿಸಬೇಡಿ, ದಾರಿಯ ಕುಲುಕಿಗೆ ಹಲ್ಲು ತಿಂದೀತು ಎಂದಳು. ಅಂದರೆ ಈ ಕಾರನ್ನು ಹಿಡಿದು ನಿಲ್ಲಿಸಲು ನಮ್ಮ ಬೆಲ್ಟು ಮತ್ತು ಗಾಲಿಗೆ ಕೊಡುವ ಅಡ್ಡಗಟ್ಟಿಗೆ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ಅಷ್ಟರಲ್ಲಿ ಗಂಗವ್ವ ಆರತಿ ತಟ್ಟೆ ಹಿಡಿದು ಬಂದಳು. ಬೇಡದ ಕಾರಾದರೂ ಪೂಜೆಯಲ್ಲಿ ಕಡಿಮೆ ಮಾಡುವವಳಲ್ಲ. ಬೂದಗುಂಬಳಕಾಯಿ ಒಡೆದಳು. ಲಿಂಬೆಹಣ್ಣು ಇಟ್ಟಳು. ಹುಸೇನಸಾಬ ನಮ್ಮ ಲಾರಿಯ ಗಾಲಿಗೂ ಲಿಂಬೆಹಣ್ಣು ಬೇಕೆಂದು ಕೈ ಚಾಚಿದ, ಅವನು ಈ ವಿಷಯದಲ್ಲಿ ನಮಗಿಂತ ಕಟ್ಟುನಿಟ್ಟು. ಕಾರಿನ ಮೂತಿಗೆ ಮಾಲೆ ಕಟ್ಟಲು ಕೊಕ್ಕೆಯೇನೂ ಇರಲಿಲ್ಲ, ಎಲ್ಲ ನುಣ್ಣಗೆ. ಗಂಗವ್ವ ವಿಚಾರ ಮಾಡಿ, ನನ್ನ ಬೆರಳು ದಪ್ಪದ ಚೆಂಡುಹೂವಿನ ಮಾಲೆಗಳನ್ನು ನಾಲ್ಕೂ ಗಾಲಿಗೆ ಸುತ್ತಿಬಿಟ್ಟಳು. ಕಾರನ್ನು ಎಳೆದು ಒಳಗೆ ತಂದ ಮೇಲೆ, ಜಾರಿದವನ್ನು ಮತ್ತೆ ಸರಿಮಾಡಿ ಸುತ್ತಿದಳು, ಗಾಲಿಗಳ ಮುಂದೆ ಹೊಸದಾಗಿ ಲಿಂಬೆಹಣ್ಣೂ ಇಟ್ಟಳು.

ನಾನು ಗಾಲಿಗಳಿಗೆ ಅಡ್ಡಗಟ್ಟಿಗೆ ಕೊಟ್ಟು, ಬೆಲ್ಟು ಹಿಡಿದು ನಿಂತಿದ್ದೆ. ಗಾಲಿಯ ಮೇಲೆ ಹೂವು, ಹೂವಿನ ಮೇಲೆ ಬೆಲ್ಟು ಬರಬೇಕು. ಅವ್ವಾ, ಈ ಹೂವು ಸ್ವಲ್ಪ ತೆಗೆದಿಟ್ಟರೆ ಹೇಗೆ ಎಂದೆ.

"ಬನ್ನಿ ಮುಡಿಯೋತನಕ ಖಂಡೆಪೂಜಿ ಹೂವಿಗೆ ಕೈ ಹಚ್ಚಂಗಿಲ್ಲಪಾ," ಎಂದಳು ಗಂಗವ್ವ. "ನಿಮ್ಮನ್ಯಾಗ ಹಚ್ಚತೀರೇನು?"

ನಮ್ಮ ಮನೆಯಲ್ಲೂ ಹಚ್ಚುವುದಿಲ್ಲ. ನಾಲ್ಕೂ ಬೆಲ್ಟುಗಳನ್ನು ಹೂವಿನ ಮೇಲೆಯೇ ಹಾಯಿಸಿ, ಹಲ್ಲು ಕಚ್ಚಿ ಎಳೆದೆ. ಕೈಯಿಂದ ಬಡಿದರೆ ಬೆಲ್ಟು ಹಲಗೆಯ ಹಾಗೆ ಸದ್ದು ಮಾಡಿತು. ನೋಡ್ರಿ ಎಂದು ಗಂಗವ್ವನ ಮುಂದೆ ಇನ್ನೊಮ್ಮೆ ಬಡಿದು ತೋರಿಸಿದೆ. ಹೊಸದಾಗಿ ಸೇರುವ ತಮ್ಮಂದಿರೇ, ಇಲ್ಲಿ ಸ್ವಲ್ಪ ನಿಲ್ಲಿ. ಬೆಲ್ಟಿನ ಕೆಳಗೆ ಮೆತ್ತಗಿನದು ಏನೇ ಇರಲಿ, ಬಟ್ಟೆಯಿರಲಿ, ಸ್ಪಂಜಿರಲಿ, ದೇವರ ಹೂವಿರಲಿ, ಅದು ಮೊದಲು ಗಟ್ಟಿಯಾಗಿ ನಿಮ್ಮನ್ನು ಮರುಳು ಮಾಡುತ್ತದೆ. ಆಮೇಲೆ ಮೆಲ್ಲಗೆ ಜಜ್ಜಿ ತೆಳ್ಳಗಾಗುತ್ತದೆ. ಅದು ತೆಳ್ಳಗಾದಷ್ಟೂ ಬೆಲ್ಟು ಸಡಿಲ.

ಟ್ರೇಲರ್ ಎಳೆಯುವ ಲಾರಿಯಲ್ಲಿ ಹುಸೇನಸಾಬ ಮತ್ತು ನಾನು. ಹಿಂದೆ ಜೀಪಿನಲ್ಲಿ ಶೋಭಕ್ಕ ಮತ್ತು ಗಂಗವ್ವ. ದಾರಿಯುದ್ದಕ್ಕೂ ನಾನು ಹುಸೇನಸಾಬನ ತಲೆ ತಿಂದೆ. ನೋಡುತ್ತಿರು, ಘಾಟ್ ಬಂದಾಗ ನಾನು ಆ ರೇಸ್ ಕಾರಿನಲ್ಲಿ ಮಹಾರಾಜನ ಹಾಗೆ ಕೂತು ಇಳಿಯುತ್ತೇನೆ, ನೀನು ಮುಂದೆ ಸಾರಥಿ ಎಂದೆ. ಧಾರವಾಡ ದಾಟಿ ಗಾಡಿ ನಿಲ್ಲಿಸಿ ಬೆಲ್ಟು ನೋಡಿದೆ, ಗಟ್ಟಿ. ಅಳ್ನಾವರದಲ್ಲಿ ನೋಡಿದೆ, ಚೂರು ಸಡಿಲಾಗಿತ್ತು, ಇನ್ನೆರಡು ಕಟಕಟ ಎಳೆದೆ. ಘಾಟಿಗೆ ಮೊದಲು ಸಿಗುವ ರಾಮನಗರದಲ್ಲಿ ನೋಡಬೇಕಿತ್ತು. ಅಲ್ಲಿ ಹೋಟೆಲಿನಲ್ಲಿ ಅವಲಕ್ಕಿ ಚೆನ್ನಾಗಿತ್ತು.

ಅನಮೋಡದ ತಪಾಸಣೆಯ ಗೇಟಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಹುಸೇನಸಾಬ ಕಾಗದ ಹಿಡಿದು ಮುಂದೆ ಹೋದ. ಜೀಪಿನಿಂದ ಗಂಗವ್ವ ನನ್ನನ್ನು ಕರೆದು, ಹೂವು ಹೇಗಿವೆ ಒಮ್ಮೆ ನೋಡಿ ಬಾ ಎಂದಳು. ನೋಡಿಕೊಳ್ಳಿ, ನಾನು ಒಳಗೆ ಹೋದದ್ದು ಕಾರಿಗಾಗಿ ಅಲ್ಲ, ಹೂವಿಗಾಗಿ. ಟ್ರೇಲರಿನ ಪಕ್ಕದಲ್ಲಿ ಮನುಷ್ಯ ನುಗ್ಗುವಷ್ಟು ಒಂದು ಸಣ್ಣ ಬಾಗಿಲಿದೆ. ಅದರಿಂದ ಒಳಗೆ ಹೋಗಿ ಫೋನಿನ ಬೆಳಕು ಬಿಟ್ಟೆ.

ಹೂವು ಎಲ್ಲಿವೆ? ಗಾಲಿಯ ಮೇಲೆ ಹಳದಿ ಚಟ್ನಿ ಇತ್ತು. ಬೆಲ್ಟುಗಳು ಒಗೆದು ಒಣಹಾಕಿದ ಪಂಚೆಯ ಹಾಗೆ ಜೋತಿದ್ದವು. ಅಡ್ಡಗಟ್ಟಿಗೆಗಳು ಲಿಂಬೆರಸದ ಮೇಲೆ, ಹೂವಿನ ಲೋಳೆಯ ಮೇಲೆ ಜಾರಿ, ಗಾಲಿಗಿಂತ ಮುಂದೆ ಹೋಗಿ ಕೂತಿದ್ದವು. ಹತ್ತಿಸುವಾಗ ಕಾರಿನ ಮೂತಿಗೂ ಮುಂದಿನ ಗೋಡೆಗೂ ನಡುವೆ ಒಂದು ಮೊಳ ಬಿಟ್ಟಿದ್ದೆ. ಈಗ ಒಂದು ಗೇಣು ಉಳಿದಿತ್ತು. ಎಳೆಯುವ ಹಗ್ಗವೇನೋ ಮೂತಿಯ ಅಡಿಯ ಕಬ್ಬಿಣಕ್ಕೆ ಕಟ್ಟಿಯೇ ಇತ್ತು. ಆದರೆ ಅದು ಹಿಂದಕ್ಕೆ ಹೋಗುವವನನ್ನು ಹಿಡಿದೀತು, ಮುಂದಕ್ಕೆ ಬರುವವನನ್ನು ಹೇಗೆ ತಡೆದೀತು?

ಬೆಲ್ಟಿನ ಹಿಡಿಕೆ ಎಳೆದೆ. ಸುರುಳಿ ಪೂರ್ತಿ ತುಂಬಿತ್ತು, ಮುಂದೆ ತಿರುಗಲಿಲ್ಲ. ಬಿಚ್ಚಿ ಹೊಸದಾಗಿ ಸುತ್ತಬೇಕಿತ್ತು. ಇಳಿಜಾರಿನಲ್ಲಿ ಬಿಚ್ಚಿದರೆ ಕಾರು ಸೀದಾ ಗೋಡೆಗೆ. ಹುಸೇನಸಾಬನನ್ನು ಕರೆಯೋಣ ಎಂದು ತಿರುಗುವಷ್ಟರಲ್ಲಿ ಹೊರಗೆ ಪೊಲೀಸ್ ಸೀಟಿ ಊದಿದ, ಲಾರಿ ಹೊರಟಿತು, ಸಣ್ಣ ಬಾಗಿಲು ದಢಾರನೆ ಮುಚ್ಚಿ ಹೊರಗಿನ ಚಿಲಕ ಬಿತ್ತು. ನಾನು ಜೀಪಿನಲ್ಲಿ ಕೂತಿದ್ದೇನೆಂದು ಹುಸೇನಸಾಬ ತಿಳಿದ. ಲಾರಿಯಲ್ಲಿ ಕೂತಿದ್ದೇನೆಂದು ಶೋಭಕ್ಕ ತಿಳಿದಳು. ಘಾಟ್ ಶುರುವಾಯಿತು, ಕಾರು ನನ್ನ ಕಣ್ಣೆದುರೇ ಎರಡು ಬೆರಳು ಮುಂದೆ ಬಂತು.

ಬ್ರೇಕ್ ಒತ್ತುವುದೊಂದೇ ದಾರಿ. ಕಾರಿನ ಬಾಗಿಲು ತಗಡಿಗೆ ತಾಗಿ ತೆರೆಯುವುದಿಲ್ಲ. ಕಿಟಕಿ ಮಾತ್ರ ತೆರೆದಿತ್ತು. ಬುದ್ಧಿವಂತನಾಗಿದ್ದರೆ ಕಾಲು ಮೊದಲು ಹಾಕುತ್ತಿದ್ದೆ. ನಾನು ಗಡಿಬಿಡಿಯಲ್ಲಿ ತಲೆ ಮೊದಲು ಹಾಕಿದೆ. ಹೊಟ್ಟೆ ಕಿಟಕಿಯಲ್ಲಿ ಸಿಕ್ಕಿತು. ಹೋದದ್ದು ಹೋಯಿತೆಂದು ಕೆಳಗೆ ಬಾಗಿ ಎರಡೂ ಕೈಯಿಂದ ಬ್ರೇಕಿನ ಪೆಡಲನ್ನು ಒತ್ತಿ ಹಿಡಿದೆ. ಕಾರು ನಿಂತಿತು. ಅಂದರೆ, ನನ್ನ ತಲೆ ಪೆಡಲಿನ ಹತ್ತಿರ, ಸೊಂಟ ಕಿಟಕಿಯಲ್ಲಿ, ಕಾಲೆರಡೂ ಹೊರಗೆ ಗಾಳಿಯಲ್ಲಿ. ಆ ಭಂಗಿಯಲ್ಲಿ ಎರಡು ತಿರುವು ಇಳಿದೆ. ದೇಶಪಾಂಡೆ ಸಾಹೇಬರು ನೋಡಿದ್ದರೆ ಅಂದಿನ ಮಿರ್ಚಿಭಜಿಯ ಲೆಕ್ಕ ಚುಕ್ತಾ ಆಯಿತು ಅನ್ನುತ್ತಿದ್ದರು.

ಮೂರನೆಯ ತಿರುವಿನಲ್ಲಿ ಲಾರಿ ಕುಲುಕಿದ ಹೊಡೆತಕ್ಕೆ ಹೊಟ್ಟೆ ಬಿಡಿಸಿಕೊಂಡು ಒಳಗೆ ಉರುಳಿದೆ. ಕೈ ತೆಗೆದು ಕಾಲು ಹಾಕುವ ಆ ಒಂದು ಕ್ಷಣದಲ್ಲಿ ಕಾರು ಇನ್ನೂ ಮುಂದೆ ಸರಿಯಿತು. ಎಂಜಿನ್ ಚಾಲೂ ಇಲ್ಲದ ಕಾರಿನ ಬ್ರೇಕು ಕಲ್ಲಿನ ಹಾಗಿರುತ್ತದೆ, ಎರಡೂ ಕಾಲು ಕೊಟ್ಟು ತುಳಿದೆ. ಒಂದು ಕೈಯಿಂದ ಫೋನ್ ಹಚ್ಚಿದೆ. ಹುಸೇನಸಾಬ ಎತ್ತಿದ.

"ಹುಸೇನಾ, ಗಾಡಿ ನಿಂದ್ರಸು. ಕಾರ್ ಮುಂದಕ್ಕ ಜರಗಾಕತ್ತೈತಿ. ನಾ ಕಾರಿನ್ಯಾಗ ಕುಂತೇನಿ."

"ಕುಂಡ್ರು ಮಹಾರಾಜ. ಮಂದೀಗೆ ಕೈ ಬೀಸ್ಕೋತ ಕುಂಡ್ರು."

"ಖರೇನ ಹೇಳಾಕತ್ತೇನಿ ಲೇ. ಹೆಂಡ್ತಿ ಮ್ಯಾಲ ಆಣಿ."

"ಹೋದ ಸಲಾನೂ ಆಕಿ ಮ್ಯಾಲನ ಆಣಿ ಮಾಡಿದ್ದಿ. ಆ ತಾಯಿ ಇನ್ನ ಗಟ್ಟಿ ಅದಾಳಲ್ಲ, ಸಾಕು ಬಿಡು," ಎಂದು ಫೋನ್ ಇಟ್ಟ.

ಶೋಭಕ್ಕನಿಗೆ ಹಚ್ಚೋಣವೆಂದರೆ ನೆಟ್‌ವರ್ಕ್ ಹೋಯಿತು. ಫೋನಿನ ಬೆಳಕನ್ನು ಎದುರಿನ ಗಾಜಿನ ಕಡೆ ತಿರುಗಿಸಿ ಇಟ್ಟೆ. ಮೂತಿಯ ತುದಿ ನನಗೆ ಕಾಣುತ್ತಿರಲಿಲ್ಲ, ಕಾರು ಅಷ್ಟು ತಗ್ಗು. ಗೋಡೆಯ ಮೇಲೆ ಒಂದು ಮೊಳೆಯ ತಲೆ ಕಾಣುತ್ತಿತ್ತು. ಅದು ದೊಡ್ಡದಾದರೆ ನಾನು ಮುಂದೆ ಹೋಗುತ್ತಿದ್ದೇನೆ ಎಂದು ಲೆಕ್ಕ. ಪ್ರತಿ ತಿರುವಿಗೂ ಮೊಳೆ ನೋಡುವುದು, ತುಳಿಯುವುದು. ಹುಸೇನಸಾಬ ಲಾರಿಯ ಬ್ರೇಕ್ ಹಾಕಿದಾಗಲೆಲ್ಲ ಕಾರಿನ ಭಾರವೆಲ್ಲ ನನ್ನ ಕಾಲಿಗೆ ಬರುತ್ತಿತ್ತು. ಮೊದಲು ಮೀನಖಂಡ ನಡುಗಿತು, ಆಮೇಲೆ ತೊಡೆ, ಆಮೇಲೆ ಹಲ್ಲು. ನೀವು ನಗುತ್ತಿದ್ದೀರಿ. ನಗಿ. ಆದರೆ ನನಗೆ ಆಗ ಕಾಣುತ್ತಿದ್ದದ್ದು ಆ ಫೈಬರಿನ ಮೂತಿಯನ್ನು ಉಜ್ಜುತ್ತ ಕೂತ ಶೋಭಕ್ಕನ ಕೈ. ಕಾಲು ಬಿಟ್ಟರೆ ಒಂದು ಸದ್ದು ಬರುತ್ತದೆ, ಅಷ್ಟೇ. ಆ ಸದ್ದಿನ ಮರುದಿನ ಕಾರು ಮಾರಾಟಕ್ಕೆ. ಅದಕ್ಕೇ ಕಾಲಿಗೆ ಗದರಿಸಿದೆ, ಬೈದೆ, ಕೊನೆಗೆ ಕೈಮುಗಿಯುವುದೊಂದು ಬಾಕಿ ಇತ್ತು.

ಮೊಲ್ಲೆಂ ಹತ್ತಿರ ಘಾಟ್ ಮುಗಿದು ಲಾರಿ ನಿಂತಿತು. ಸಣ್ಣ ಬಾಗಿಲು ತೆರೆಯಿತು. ಹೂವು ನೋಡಲು ಗಂಗವ್ವ ತಾನೇ ಬಂದಿದ್ದಳು. ಅವಳಿಗೆ ಕಂಡದ್ದು ಕತ್ತಲಲ್ಲಿ, ರೇಸ್ ಕಾರಿನಲ್ಲಿ, ಸ್ಟಿಯರಿಂಗ್ ಹಿಡಿದು ಗೋಡೆಯನ್ನು ದಿಟ್ಟಿಸುತ್ತ ಕೂತ ನಾನು.

"ಯಲ್ಲಪ್ಪಾ, ಇಲ್ಲಿ ಕುಂತು ಏನ್ ಮಾಡಾಕತ್ತಿ?"

"ನಿಮ್ಮ ಹೂವಾ ಕಾಯಾಕತ್ತೇನ್ರಿ ಅವ್ವಾರ."

ಅವಳ ಹಿಂದೆಯೇ ಶೋಭಕ್ಕ ಬಂದಳು. ಅವಳಿಗೆ ಹೇಳುವುದೇ ಬೇಕಾಗಲಿಲ್ಲ. ಬೆಲ್ಟು ನೋಡಿದಳು, ಗಾಲಿ ನೋಡಿದಳು, ನನ್ನ ಕಾಲು ನೋಡಿದಳು. ಗೋಡೆಗೂ ಮೂತಿಗೂ ನಡುವೆ ಕೈ ಹಾಕಿದಳು. ಎರಡು ಬೆರಳು ಹೋದವು, ಮೂರನೆಯದು ಹೋಗಲಿಲ್ಲ. ಅಡ್ಡಗಟ್ಟಿಗೆ ಎತ್ತಿ ಒರೆಸಿ ಗಾಲಿಗೆ ಕೊಟ್ಟಳು, ಸುತ್ತಿಗೆಯಿಂದ ಬಡಿದು ಕೂಡಿಸಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ಅವ್ವಾ, ಹೂವಾ ತಗೀಬೇಕು."

ಗಂಗವ್ವ ಗಾಲಿಗಳ ಕಡೆ ತಿರುಗಿದಳು. ಬನ್ನಿ ಇನ್ನೂ ನಾಳೆ. ಹುಸೇನಸಾಬ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಇದೂ ನನ್ನದೇ ಆಟವೋ ಏನೋ ಎಂದು. ನನ್ನ ಕಾಲು ಮಾತ್ರ ಇನ್ನೂ ಪೆಡಲಿನ ಮೇಲೆಯೇ ಥರಥರ ಅನ್ನುತ್ತಿತ್ತು, ತೆಗೆ ಅಂದರೂ ಬರುತ್ತಿರಲಿಲ್ಲ. ಗಂಗವ್ವ ಆ ಕಾಲನ್ನೇ ನೋಡಿದಳು.

"ನೀವ್ಯಾರೂ ಮುಟ್ಟಬ್ಯಾಡ್ರಿ," ಎಂದಳು. "ಹಾಕಿದಾಕಿ ನಾನು, ತಗಿಯಾಕಿನೂ ನಾನ. ದೇವರಿಗೆ ಏನ್ ಹೇಳಬೇಕು ನಾ ಹೇಳ್ಕೋತೇನಿ."

ಮೊಣಕಾಲೂರಿ, ನಾಲ್ಕೂ ಗಾಲಿಯಿಂದ ಆ ಚಟ್ನಿಯನ್ನು ತಾನೇ ಬಿಡಿಸಿದಳು. ಪೂಜೆಯ ಹೂವು ನೆಲಕ್ಕೆ ಹಾಕುವಂತಿಲ್ಲ. ಇಡುವುದೆಲ್ಲಿ? ಸುತ್ತ ನೋಡಿ, 'ಈತ ಕಾದಾನ, ಈತನ ಹಾಕ್ಕೊಳ್ಳಿ' ಎಂದು ಕಿಟಕಿಯಲ್ಲಿ ನನ್ನ ಕೊರಳಿಗೇ ಹಾಕಿದಳು. ಅಂಗಿಯ ಒಳಗೆಲ್ಲ ಹಳದಿ ನೀರು ಇಳಿಯಿತು. ಹುಸೇನಸಾಬನಿಗೆ ಆಗ ಖಾತ್ರಿಯಾಯಿತು. ಓಡಿ ಹೋಗಿ, ಉಳಿದಿದ್ದ ಲಿಂಬೆಹಣ್ಣೊಂದನ್ನು ತಂದು ನನ್ನ ಕೈಗಿಟ್ಟ, ಕಾಲಕೆಳಗೆ ಇಟ್ಟುಕೊಂಡು ಇಳಿ ಎಂದ. ಇಳಿಯುವುದೂ ಕಿಟಕಿಯಿಂದಲೇ ಆಯಿತು. ಅವನು ಒಂದು ಕಡೆ, ಶೋಭಕ್ಕ ಒಂದು ಕಡೆ ಎಳೆದರು. ಆಮೇಲೆ ಬರೀ ಗಾಲಿಯ ಮೇಲೆ ಬೆಲ್ಟು ಹಾಯಿಸಿ ಕಟ್ಟಿದೆವು. ಈ ಸಲ ಎಳೆದವಳು ಶೋಭಕ್ಕ, ಕುಂಟುತ್ತ ನಿಂತು ಉಪದೇಶ ಮಾಡಿದವನು ನಾನು.

ಮರುದಿನ ಓಟ. ಖಾಲಿ ಮೈದಾನದಲ್ಲಿ ಹಳೆಯ ಟೈರು ಜೋಡಿಸಿ ಸುತ್ತುದಾರಿ ಮಾಡಿದ್ದರು. ಮೊದಲು ತಪಾಸಣೆಯವರು ಬಂದು ಕಾರಿನ ಮೂತಿ ತಟ್ಟಿ ನೋಡಿ, ಇದು ಎಲ್ಲಿಯ ಕಂಪನಿಯದು ಎಂದು ಕೇಳಿದರು. ಗೋಪನಕೊಪ್ಪದ್ದು ಎಂದೆ. ಅವರು ಅದನ್ನು ಹಾಗೆಯೇ ಬರೆದುಕೊಂಡರು. ಆಮೇಲೆ ಓಟ ಶುರುವಾಯಿತು, ಗಂಗವ್ವ ನನ್ನ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಳು. ಪ್ರತಿ ಸುತ್ತಿಗೂ, ಬಂದಳೇನು, ಬಂದಳೇನು ಎಂದು ಕೇಳುತ್ತಿದ್ದಳು. ಬಂದಳು. ಪ್ರತಿ ಸಲವೂ ಬಂದಳು. ಎರಡು ದೊಡ್ಡ ದೊಡ್ಡ ಕಾರುಗಳು ನಡುವೆ ಹೊಗೆ ಬಿಟ್ಟು ನಿಂತವು, ನಮ್ಮದು ನಿಲ್ಲಲಿಲ್ಲ. ಓಟ ಮುಗಿಸಿದವರಲ್ಲಿ ಶೋಭಕ್ಕ ಕೊನೆಯಿಂದ ಎರಡನೆಯವಳು. ಅವಳ ಹಿಂದೆ ಪುಣೆಯವನೊಬ್ಬನ ನೀಲಿ ಕಾರು, ಪಾಪ, ಕೆಮ್ಮುತ್ತ ಬಂತು.

ಗಂಗವ್ವ ಎಷ್ಟನೆಯವಳು ಎಂದು ಕೇಳಲೇ ಇಲ್ಲ. "ಮುಗಿಸಿದಳಲ್ಲ?" ಎಂದಳು. ಮುಗಿಸಿದಳು ಎಂದೆ. ಹಾಗಾದರೆ ಮಾತು ಮುಗಿಯಿತು ಎಂದು ಚೀಲದಿಂದ ಬನ್ನಿ ಎಲೆ ತೆಗೆದು ಮೊದಲು ಮಗಳಿಗೆ, ಆಮೇಲೆ ಹುಸೇನಸಾಬನಿಗೆ, ಕೊನೆಗೆ ನನಗೆ ಕೊಟ್ಟಳು. ಕಾರು ಇವತ್ತಿಗೂ ಗೋಪನಕೊಪ್ಪದ ಶೆಡ್ಡಿನಲ್ಲೇ ಇದೆ. ಇದರಲ್ಲಿ ಸಂತೆಯ ಚೀಲ ಹಿಡಿಸುವುದಿಲ್ಲ ಎಂದು ಗಂಗವ್ವ ಈಗಲೂ ಹೇಳುತ್ತಾಳೆ, ಆದರೆ ಹೊರಗಿನವರು ಯಾರಾದರೂ ಹೇಳಿದರೆ ಅವರಿಗೆ ಚಹಾ ಸಿಗುವುದಿಲ್ಲ. ಅಂಗಳದಲ್ಲಿ ಹೊಸ ನಿಯಮ ಬಂತು: ಮೊದಲು ಬೆಲ್ಟು, ಬೆಲ್ಟಿನ ಮೇಲೆ ಹೂವು. ದೇವರು ಇದುವರೆಗೆ ತಕರಾರು ಮಾಡಿಲ್ಲ.

ಇನ್ನು ಒಪ್ಪಿಕೊಳ್ಳುವ ಮಾತು. ಇಷ್ಟರಲ್ಲಿ ನೀವು ಹತ್ತು ಸುಳ್ಳು ಹಿಡಿದಿರಬೇಕು. ಕಾಲು ಗಾಳಿಯಲ್ಲಿ ಬಿಟ್ಟು ಎರಡು ತಿರುವು ಇಳಿದದ್ದು ಖರೇ. ಹೂವಿನ ಚಟ್ನಿ ಕೊರಳಿಗೆ ಬಿದ್ದದ್ದು ಖರೇ, ಆ ಅಂಗಿಯ ಕಲೆ ಇನ್ನೂ ಹೋಗಿಲ್ಲ. ಎರಡು ಬೆರಳೂ ಖರೇ, ಬೇಕಾದರೆ ಶೋಭಕ್ಕನನ್ನು ಕೇಳಿ. ಇಡೀ ಕಥೆಯಲ್ಲಿ ನಾನು ಕೈಯಿಂದ ಹಾಕಿದ್ದು ಒಂದೇ ಒಂದು. ಆ ಪುಣೆಯವನ ನೀಲಿ ಕಾರು ಇರಲೇ ಇಲ್ಲ. ಮುಗಿಸಿದವರಲ್ಲಿ ಶೋಭಕ್ಕನೇ ಕೊನೆಯವಳು, ಅವಳ ಹಿಂದೆ ಬರೀ ಧೂಳಿತ್ತು. ಅಷ್ಟು ಕಷ್ಟಪಟ್ಟವಳ ಹಿಂದೆ ಒಬ್ಬನಾದರೂ ಇರಲಿ ಎನಿಸಿ, ಆ ಕಾರನ್ನು ಅಲ್ಲಿ ನಾನೇ ತಂದು ನಿಲ್ಲಿಸಿದೆ.